ಹಳೆ ಸೀಸೆಯ ವಿಟಮಿನ್

ಜನವರಿ 9

ತಮ್ಮನಿಗೆ,

ನಿನ್ನ ಪತ್ರ ಬಂತು. ಹನ್ನೊಂದು ವರ್ಷವಾದ ಮೇಲೆ ಅಕ್ಕನ ನೆನಪಾಯಿತು, ಅದೂ ಒಂದು ಔಷಧಿಯ ಪ್ರಮಾಣ ಕೇಳಲಿಕ್ಕೆ. ಸಂತೋಷ. ಕೊನೆಯಲ್ಲಿ "ಬೇಕಾದರೆ ಫೋನ್ ಮಾಡುತ್ತೇನೆ" ಎಂದಿದ್ದೀಯ. ದಯವಿಟ್ಟು ಬೇಡ. ಫೋನಿನಲ್ಲಿ ನೀನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿರುತ್ತದೆ. ಬರೆದೇ ಕಳಿಸು. ಬರೆಯುವಾಗಲಾದರೂ ನಿನ್ನ ಅದು-ಇದು, ಹಾಗಲ್ಲ-ಹೀಗೆ ಕಡಿಮೆಯಾದೀತು.

ನಿನ್ನ ನಾಲ್ಕು ಪುಟದಿಂದ ನಾನು ಹೆಕ್ಕಿಕೊಂಡದ್ದು ಇಷ್ಟು. ನಿಮ್ಮ ಮಕ್ಕಳ ಆಸ್ಪತ್ರೆಗೆ ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಾಳೆ. ಕೈಕಾಲಿನ ನರಗಳು ದಿನದಿನಕ್ಕೆ ಸೋಲುತ್ತಿವೆ. ಡಾಕ್ಟರಮ್ಮ ಅವಳ ಜೀನ್‌ಗಳನ್ನು ಓದಿಸಿದರೆ, ಅಪ್ಪನಿಂದ ಬಂದದ್ದು ಅಮ್ಮನಿಂದ ಬಂದದ್ದು ಎರಡೂ ಕಡೆ ಒಂದೇ ಜೀನ್ ಮುರಿದಿದೆ. ಆ ಜೀನ್ ನನ್ನದು. ಆಗ ಆಸ್ಪತ್ರೆಯ ಲ್ಯಾಬಿನಲ್ಲಿ ಮೂತ್ರದ ಸೀಸೆಗಳ ನಡುವೆ ಕೂತಿರುವ ನಿನಗೆ, ಅದನ್ನು ಕಂಡುಹಿಡಿದ ಕೋಣೆಯಲ್ಲಿ ಒಂದು ಕಾಲದಲ್ಲಿ ನೀನೂ ಗಾಜು ತೊಳೆಯುತ್ತಿದ್ದೆ ಎಂದು ಹೊಳೆಯಿತು.

ನಿಮ್ಮ ಡಾಕ್ಟರಮ್ಮನಿಗೆ ಅರ್ಥವಾಗುವ ಹಾಗೆ ಹೇಳು. ಕೋಶದ ಸುತ್ತ ಒಂದು ಪೊರೆ ಇದೆ. ಪೊರೆ ಕೊಬ್ಬಿನದು, ವಿಟಮಿನ್ ಅದನ್ನು ತಾನಾಗಿ ದಾಟಲಾರದು. ಬಾಗಿಲು ಬೇಕು. ಆ ಬಾಗಿಲನ್ನು ಮಾಡುವ ಜೀನ್ ಯಾವುದೆಂದು ನಾನು ಹೇಳುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಕಪ್ಪೆಯ ಮೊಟ್ಟೆಯಲ್ಲಿ ಈ ವಿಟಮಿನ್‌ಗೆ ಬಾಗಿಲಿಲ್ಲ. ಆದ್ದರಿಂದ ಮನುಷ್ಯರ ಮೂತ್ರಪಿಂಡದಿಂದ ತೆಗೆದ ಹದಿನಾರು ಸಾವಿರ ಜೀನ್ ತುಣುಕುಗಳನ್ನು ಗುಂಪು ಮಾಡಿ ಆ ಮೊಟ್ಟೆಗಳಿಗೆ ಚುಚ್ಚಿದೆವು. ಎಷ್ಟು ಒಳಗೆ ಹೋಯಿತೆಂದು ಅಳೆಯಲು, ವಿಕಿರಣ ಸೂಸುವ ವಿಟಮಿನ್‌ನಲ್ಲಿ ನೆನೆಸಿದೆವು. ಯಾವ ಗುಂಪಿನ ಮೊಟ್ಟೆ ಹೀರಿಕೊಂಡಿತೋ ಅದನ್ನು ಅರ್ಧ ಮಾಡಿದೆವು, ಮತ್ತೆ ಅರ್ಧ, ಮತ್ತೆ ಅರ್ಧ. ಹದಿನಾಲ್ಕು ತಿಂಗಳಾದ ಮೇಲೆ ಒಂದೇ ಒಂದು ತುಣುಕು ಉಳಿಯಿತು. ಹದಿನೇಳನೆಯ ತಟ್ಟೆಯಲ್ಲಿದ್ದದ್ದರಿಂದ ಅದಕ್ಕೆ ಹದಿನೇಳು ಎಂದೇ ಹೆಸರಾಯಿತು. ಚುಚ್ಚಿದ್ದು ನೀನು, ಒಪ್ಪಿದೆ. ಚುಚ್ಚಲು ಹೇಳಿದ್ದು ನಾನು.

ಪ್ರಮಾಣ ನನ್ನ ಸಂಶೋಧನಾ ಪೇಪರಿನ ನಾಲ್ಕನೆಯ ಪುಟದಲ್ಲಿದೆ. ಆ ವಯಸ್ಸಿಗೆ ಸಾಮಾನ್ಯವಾಗಿ ಕೊಡುವುದರ ಐವತ್ತು ಪಟ್ಟು ಕೊಡಲಿ. ಬಾಗಿಲು ಮುರಿದಿದ್ದರೂ ಹೊರಗೆ ರಾಶಿ ಬಿದ್ದರೆ ಸಂದುಗೊಂದಿನಿಂದ ಒಂದಿಷ್ಟು ಒಳಗೆ ನುಸುಳುತ್ತದೆ. ಮೂರು ವಾರದಲ್ಲಿ ಫಲ ಕಾಣುತ್ತದೆ. ಕಂಡ ಮೇಲೆ ಡಾಕ್ಟರಮ್ಮ ಬರೆಯುವ ಪೇಪರಿನಲ್ಲಿ ನನ್ನ ಹೆಸರಿರಬೇಕೆಂದು ಈಗಲೇ ಕಿವಿಗೆ ಹಾಕಿಬಿಡು.

ಇಲ್ಲಿ ಎಲ್ಲ ಎಂದಿನಂತೆ ದಡ್ಡರ ಸಂತೆ. ಕಳೆದ ತಿಂಗಳು ಸಮುದ್ರದಾಚೆಯ ಮಹಾಶಯನೊಬ್ಬ ಬರೆದಿದ್ದ, ಅವನ ಮೊಟ್ಟೆಗಳಲ್ಲಿ ಹದಿನೇಳು ಏನೂ ಮಾಡುತ್ತಿಲ್ಲವಂತೆ. ಇಂಥವನು ಇವನು ಮೂರನೆಯವನು. ಮೊಟ್ಟೆಗಳನ್ನು ಬೇಯಿಸಿ ತಿನ್ನಿ, ಅಷ್ಟಾದರೂ ಉಪಯೋಗವಾಗಲಿ ಎಂದು ಉತ್ತರ ಕೊಟ್ಟೆ.

ಅಕ್ಕ


ಜನವರಿ 27

ಅಕ್ಕನಿಗೆ,

ನೀನು ಉತ್ತರ ಕೊಡುತ್ತೀಯೋ ಇಲ್ಲವೋ ಅಂದುಕೊಂಡಿದ್ದೆ. ಕೊಟ್ಟೆಯಲ್ಲ, ಖುಷಿಯಾಯಿತು. ಡಾಕ್ಟರಮ್ಮ ನಿನಗೆ ಥ್ಯಾಂಕ್ಸ್ ತಿಳಿಸಲು ಹೇಳಿದ್ದಾರೆ. ನಿನ್ನ ತಮ್ಮ ನಾನು ಎಂದು ಗೊತ್ತಾದ ಮೇಲೆ ಕಾರಿಡಾರಿನಲ್ಲಿ ಸಿಕ್ಕಾಗ ನಿಂತು ಮಾತಾಡುತ್ತಾರೆ.

ಔಷಧಿ ಶುರುವಾಗಿ ಹದಿಮೂರು ದಿನವಾಯಿತು. ಹುಡುಗಿಯ ಅಪ್ಪ ಬಸ್ ಡ್ರೈವರ್, ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಮನೆಯಲ್ಲಿ ಅಮ್ಮನೇ ಚಮಚದಲ್ಲಿ ಕುಡಿಸುತ್ತಾರೆ, ಸಂಜೆ ಬಂದು ಮತ್ತೆ ಕುಡಿಸುತ್ತಾರೆ. ಹಳದಿ ನೀರು, ವಿಪರೀತ ಕಹಿ. ನಾನೂ ನಾಲಿಗೆಗೆ ಮುಟ್ಟಿಸಿ ನೋಡಿದೆ, ಮಧ್ಯಾಹ್ನದವರೆಗೆ ಬಾಯಿ ಸರಿಹೋಗಲಿಲ್ಲ.

ವಾರಕ್ಕೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆತರುತ್ತಾರೆ, ರಕ್ತ ತೆಗೆಯಲು ನಾನೇ ಮೇಲಿನ ವಾರ್ಡಿಗೆ ಹೋಗುತ್ತೇನೆ. ನಮ್ಮ ಲ್ಯಾಬ್ ನೆಲಮಾಳಿಗೆಯಲ್ಲಿದೆ, ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು. ಕಿಟಕಿಯಿಂದ ಕಾಣುವುದು ಫುಟ್‌ಪಾತಿನ ಮೇಲೆ ಓಡಾಡುವವರ ಚಪ್ಪಲಿ, ಬೂಟು ಮಾತ್ರ. ಅದನ್ನು ಹೇಳಿದ್ದಕ್ಕೆ ಆ ಹುಡುಗಿ, "ರಕ್ತದ ಮಾಮ, ಇವತ್ತು ಎಷ್ಟು ಜನ ಬರಿಗಾಲಲ್ಲಿ ಹೋದ್ರು?" ಎಂದು ಪ್ರತಿ ಸಲ ಕೇಳುತ್ತಾಳೆ. ನಾನು ಒಂದು ಲೆಕ್ಕ ಕಟ್ಟಿ ಹೇಳುತ್ತೇನೆ. ಹೇಳುವಾಗಲೇ ಸೂಜಿ ಹಾಕಿಬಿಡುತ್ತೇನೆ.

ಕೈಯ ಬಲ ನೋಡಲು ರಬ್ಬರಿನ ಬುರುಡೆಯೊಂದನ್ನು ಹಿಂಡಿಸುತ್ತೇವೆ, ಮುಳ್ಳು ಎಷ್ಟಕ್ಕೆ ಏರಿತು ಎಂದು ಬರೆದುಕೊಳ್ಳುತ್ತೇವೆ. ಔಷಧಿ ಶುರುವಾದ ದಿನ ಒಂಬತ್ತು ಇತ್ತು. ನಿನ್ನೆ ಏಳು. ಇನ್ನೂ ಬೇಗ ಎಂದು ಡಾಕ್ಟರಮ್ಮ ಅನ್ನುತ್ತಾರೆ.

ಆ ದಿನಗಳ ಸೀಸೆಯ ಬಗ್ಗೆ ನಿನ್ನನ್ನು ಒಂದು ಮಾತು ಕೇಳುವುದಿತ್ತು. ಇರಲಿ, ಮುಂದೆ ಯಾವಾಗಲಾದರೂ.

ತಮ್ಮ


ಫೆಬ್ರವರಿ 4

ತಮ್ಮನಿಗೆ,

ಒಂಬತ್ತು ಇದ್ದದ್ದು ಏಳು ಹೇಗಾಯಿತು? ಔಷಧಿ ಹೊಟ್ಟೆಗೆ ಹೋಗಿದ್ದರೆ ಹಾಗಾಗುವುದಿಲ್ಲ. ಹೋಗುತ್ತಿಲ್ಲ, ಅಷ್ಟೆ. ನೀನೇ ಬರೆದಿದ್ದೀಯ, ವಿಪರೀತ ಕಹಿ ಎಂದು. ಪಾಳಿಗೆ ಓಡುವ ಅವಸರದಲ್ಲಿರುವ ಹೆಂಗಸು ಚಮಚ ಬಾಯಿಗಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾಳೆ, ಹುಡುಗಿ ಉಗುಳುತ್ತಾಳೆ, ಆಮೇಲೆ ಇಬ್ಬರೂ ನಿಮ್ಮ ಮುಂದೆ ಸಾಧುಗಳ ಹಾಗೆ ನಿಂತಿರುತ್ತಾರೆ. ರೋಗಿಗಳ ಮನೆಯವರು ಹೇಳುವುದನ್ನೆಲ್ಲ ನಂಬಿಕೊಂಡು ವಿಜ್ಞಾನ ಮಾಡಲಾಗುವುದಿಲ್ಲ. ಮೂಗು ಹಿಡಿದು ಕುಡಿಸಿ, ಬಾಯಿ ತೆಗೆಸಿ ನೋಡಿ ಎಂದು ಡಾಕ್ಟರಮ್ಮನಿಗೆ ಹೇಳು. ನಿನಗೆ ಹೇಳಲು ಧೈರ್ಯವಿಲ್ಲದಿದ್ದರೆ ಈ ಪತ್ರವನ್ನೇ ತೋರಿಸು.

ಅವಳು ಸರಿಯಾಗಿ ಕುಡಿಯುತ್ತಿದ್ದಾಳೆ ಎಂದಾದರೆ ನಿನ್ನ ಮುಳ್ಳೇ ಸರಿಯಿಲ್ಲ. ಅದನ್ನು ಓದುತ್ತಿರುವವನು ಯಾರು ಎಂದು ನೆನೆಸಿಕೊಂಡರೆ ನನಗೆ ಆಶ್ಚರ್ಯವೂ ಆಗುವುದಿಲ್ಲ.

ಸೀಸೆ ಗೀಸೆ ಎಂದು ನನ್ನ ತಲೆ ತಿನ್ನಬೇಡ. ಆ ದಿನಗಳಲ್ಲಿ ನನಗೆ ನೆನಪಿರುವುದು ಕೊನೆಯ ಮೂರು ವಾರ. ಪೇಪರ್ ಹೊರಗೆ ಬಂದಿತ್ತು, ಎಲ್ಲರೂ ಬೆನ್ನು ತಟ್ಟಿದ್ದರು. ಅದೇ ಹದಿನೇಳನ್ನು ಮತ್ತೆ ಚುಚ್ಚು ಎಂದು ನಿನಗೆ ಕೊಟ್ಟರೆ ನಾನೂರು ಮೊಟ್ಟೆ, ನಾನೂರು ಸೊನ್ನೆ. ಕೆಲಸ ಮಾಡುತ್ತಿದ್ದ ಜೀನ್ ನಿನ್ನ ಕೈಯಲ್ಲಿ ಹೆಣವಾಯಿತು. ನಿನ್ನ ಕೈ ಕೆಟ್ಟಿದೆ, ಬೇರೆ ಕೆಲಸ ನೋಡಿಕೋ ಎಂದೆ. ಅಮ್ಮ ಮೂರು ದಿನ ಊಟ ಬಿಟ್ಟು, "ಒಡಹುಟ್ಟಿದವನನ್ನ ಹೀಗೆ ಬೀದಿಗೆ ತಳ್ತಾರೇನೇ?" ಎಂದು ಅತ್ತಳು. ಒಡಹುಟ್ಟಿದವನಾದದ್ದಕ್ಕೇ ಅಷ್ಟು ದಿನ ಇಟ್ಟುಕೊಂಡಿದ್ದೆ. ಅದನ್ನು ಅವಳು ಸಾಯುವವರೆಗೂ ಒಪ್ಪಲಿಲ್ಲ.

ಅಕ್ಕ


ಮಾರ್ಚ್ 22

ಅಕ್ಕನಿಗೆ,

ಏಳು ವಾರ ಬರೆಯಲಿಲ್ಲ. ಬರೆಯಲು ಆಗಲಿಲ್ಲ ಅನ್ನುವುದಕ್ಕಿಂತ, ಖಾತ್ರಿಯಿಲ್ಲದೆ ಬರೆದರೆ ನೀನು ಏನನ್ನುತ್ತೀಯ ಎಂದು ಗೊತ್ತಿತ್ತು. ಈಗ ಖಾತ್ರಿಯಿದೆ.

ನಿನ್ನ ಪತ್ರವನ್ನು ಡಾಕ್ಟರಮ್ಮನಿಗೆ ತೋರಿಸಿದೆ. ತೋರಿಸಬಾರದಿತ್ತು. ಅವರು ಹುಡುಗಿಯ ಅಮ್ಮನನ್ನು ಕರೆಸಿ ನರ್ಸ್‌ಗಳ ಎದುರಿಗೇ ಕೇಳಿದರು. "ಒಂದು ದಿನಾನೂ ತಪ್ಸಿಲ್ಲ ಡಾಕ್ಟ್ರೇ, ಆಣೆ ಬೇಕಾದ್ರೂ ಇಡ್ತೀನಿ" ಎಂದು ಆಕೆ ಅಂದರು. "ಎಲ್ರೂ ಹಾಗೇ ಅಂತಾರಮ್ಮ" ಎಂದು ಇವರು ಅಂದರು. ಆಮೇಲೆ ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮುಳ್ಳು ಈಗ ನಾಲ್ಕು. ಯಂತ್ರವನ್ನು ಎರಡು ಸಲ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ಹುಡುಗಿಯ ರಕ್ತದಲ್ಲಿ ಆ ವಿಟಮಿನ್ ನಮ್ಮೆಲ್ಲರಿಗಿಂತ ಅರವತ್ತು ಪಟ್ಟು ಇದೆ. ಉಗುಳುವವರ ರಕ್ತದಲ್ಲಿ ಹಾಗಿರುವುದಿಲ್ಲ. ಅವಳ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಕೋಶಗಳನ್ನು ಐದು ವಾರ ಬೆಳೆಸಿದೆ. ಬಾಗಿಲು ಮುರಿದಿರುವ ಆ ಕೋಶಗಳ ಒಳಗೆ ವಿಟಮಿನ್ ನನ್ನ ಕೋಶಗಳಲ್ಲಿರುವಷ್ಟೇ ಇದೆ. ಔಷಧಿ ಬೆರೆಸದೆಯೂ ಅಷ್ಟೇ ಇದೆ. ಅಂದರೆ ವಿಟಮಿನ್ ಬೇರೆ ಯಾವುದೋ ಬಾಗಿಲಿನಿಂದ ಸಲೀಸಾಗಿ ಒಳಗೆ ಹೋಗುತ್ತಿದೆ. ಅವಳಿಗೆ ಅದರ ಕೊರತೆಯೇ ಇಲ್ಲ. ಹದಿನೇಳು ಆ ವಿಟಮಿನ್‌ನ ಬಾಗಿಲಲ್ಲ ಅಕ್ಕ. ಇನ್ನಾವುದರದೋ.

ಸೀಸೆಯ ವಿಷಯ ಈಗ ಹೇಳುತ್ತೇನೆ. ಪೇಪರಿನ ಪ್ರಯೋಗಗಳಿಗೆಲ್ಲ ನಾನು ಬಳಸಿದ ವಿಕಿರಣದ ವಿಟಮಿನ್ ಆರು ವರ್ಷ ಹಳೆಯದು. ಹೊಸದು ಬರುವುದು ತಡವಾಗಿತ್ತು. ನಿನ್ನನ್ನು ಕೇಳಿದ್ದೆ. "ವಿಟಮಿನ್ ಏನು ಹಾಲೇನೋ, ಕೆಡೋಕೆ?" ಎಂದೆ ನೀನು. ಸೀಸೆಯಲ್ಲಿದ್ದದ್ದು ಹಳದಿ ಹೋಗಿ ಕಂದಾಗಿತ್ತು. ಅದನ್ನು ನಾನು ನಿನಗೆ ಹೇಳಲಿಲ್ಲ. ಹೇಳಿದರೆ ನನ್ನ ಕಣ್ಣಿನ ಬಗ್ಗೆ ನೀನು ಏನೋ ಒಂದು ಅನ್ನುತ್ತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಪೇಪರ್ ಬಂದ ಮೇಲೆ ಹೊಸ ಸೀಸೆ ಬಂತು. ಆ ನಾನೂರು ಸೊನ್ನೆ ಹೊಸ ಸೀಸೆಯದು.

ವಿಕಿರಣ ಸೂಸುವ ವಸ್ತು ತನ್ನ ವಿಕಿರಣದಿಂದಲೇ ತಾನು ಮುರಿಯುತ್ತದೆ ಎಂದು ಈಚೆಗೆ ಓದಿದೆ. ನಿನಗೆ ಆಗಲೇ ಗೊತ್ತಿದ್ದಿರಬೇಕು. ಹಳೆಯ ಸೀಸೆಯಲ್ಲಿ ಮೊಟ್ಟೆಗಳು ಹೀರಿದ್ದು ವಿಟಮಿನ್ ಅಲ್ಲ, ಅದರಿಂದ ಮುರಿದು ಬಿದ್ದ ತುಂಡು ಎಂದು ನನಗೆ ಅನ್ನಿಸುತ್ತದೆ. ಆ ತುಂಡು ಯಾವುದೆಂದು ಗೊತ್ತಾದರೆ ಹುಡುಗಿಗೆ ಏನು ಕೊಡಬೇಕೆಂದು ಗೊತ್ತಾಗುತ್ತದೆ.

ಹನ್ನೊಂದು ವರ್ಷ ನನ್ನ ಕೈ ಕೆಟ್ಟಿದೆ ಎಂದೇ ನಂಬಿದ್ದೆ. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡುತ್ತಿದ್ದೆ.

ತಮ್ಮ


ಮಾರ್ಚ್ 28

ಮಹಾನುಭಾವನಿಗೆ,

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿ ಕೇಳಿ ನಿನ್ನ ತಲೆಗೆ ನೊರೆ ತುಂಬಿದೆ. ಪದವಿಯನ್ನು ಎರಡನೆಯ ವರ್ಷಕ್ಕೇ ಬಿಟ್ಟವನು, ಪುಸ್ತಕದ ಒಂದು ಪುಟ ಓದಿ ನನಗೆ ವಿಕಿರಣದ ಪಾಠ ಹೇಳುತ್ತಾನೆ. ನನ್ನ ಪೇಪರನ್ನು ಇನ್ನೂರ ಮೂವತ್ತು ಜನ ಉಲ್ಲೇಖಿಸಿದ್ದಾರೆ. ಅವರಲ್ಲಿ ಒಬ್ಬನಿಗೂ ಹೊಳೆಯದ್ದು ನಿನ್ನ ಅಕ್ಕಿಕಾಳಿನಷ್ಟು ಚರ್ಮದಲ್ಲಿ ಹೊಳೆಯಿತು!

ಕೆಲಸ ಕಳೆದುಕೊಂಡವನಿಗೆ ಯಾವಾಗಲೂ ಯಾವುದೋ ಸೀಸೆಯದೇ ತಪ್ಪು. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕಕ್ಕಲು ಒಂದು ಕಾಯಿಲೆಯ ಮಗುವನ್ನು ಅಡ್ಡ ಹಿಡಿದಿದ್ದೀಯ. ನಾಚಿಕೆಯಾಗಬೇಕು. ಈ ಕಥೆಯನ್ನು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದರೆ ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೆ ನಾನೇ ಬರೆಯುತ್ತೇನೆ.

ಔಷಧಿಯನ್ನು ನೂರು ಪಟ್ಟಿಗೆ ಏರಿಸಿ.

(ಸಹಿ ಇಲ್ಲ)


ಏಪ್ರಿಲ್ 5

ಇನ್ನೂರ ಮೂವತ್ತು ಉಲ್ಲೇಖಗಳ ಒಡತಿಗೆ,

ಬರಿ ಅಕ್ಕ, ಮುಖ್ಯಸ್ಥರಿಗೆ ಖಂಡಿತ ಬರಿ. ವಿಳಾಸ ಲಕೋಟೆಯ ಹಿಂದೆಯೇ ಇದೆ.

ಇನ್ನೂರ ಮೂವತ್ತು ಜನರಲ್ಲಿ ಎಷ್ಟು ಜನ ಮೊಟ್ಟೆಗೆ ಚುಚ್ಚಿ ನೋಡಿದರು ಎಂದು ನೀನು ಎಣಿಸಲಿಲ್ಲ. ನಾನು ಎಣಿಸಿದೆ, ಎರಡು ಭಾನುವಾರ ಹಿಡಿಯಿತು. ಉಳಿದವರೆಲ್ಲ ನಿನ್ನ ಹೆಸರನ್ನು ಕೊನೆಯ ಪುಟದಲ್ಲಿ ಅಂಟಿಸಿ ಕೈ ತೊಳೆದುಕೊಂಡಿದ್ದಾರೆ. ನಿಜವಾಗಿ ಮಾಡಿ ನೋಡಿದವರು ಮೂವರು. ಮೂವರಿಗೂ ಸೊನ್ನೆ ಬಂತು, ಮೂವರೂ ನಿನಗೆ ಮರ್ಯಾದೆಯಾಗಿ ಬರೆದರು, ಒಬ್ಬನಿಗೆ ನೀನು ಮೊಟ್ಟೆ ಬೇಯಿಸಿ ತಿನ್ನು ಎಂದೆ. ಅವನ ಕೈಯೂ ಕೆಟ್ಟಿದೆಯಾ? ಮೂರು ದೇಶದಲ್ಲಿ ಎಲ್ಲರ ಕೈಯೂ ಕೆಟ್ಟು, ಒಬ್ಬಳ ಬಾಯಿ ಮಾತ್ರ ಸರಿಯಾಗಿ ಉಳಿದಿದೆಯಾ?

ನೂರು ಪಟ್ಟು ಏರಿಸಬೇಡಿ ಎಂದು ಡಾಕ್ಟರಮ್ಮನಿಗೆ ಹೇಳಿದೆ. "ನಿಮ್ಮಕ್ಕ ಏನ್ ಸುಮ್ನೆ ಹೇಳ್ತಾರಾ?" ಎಂದರು. ಏರಿಸಿದರು. ಹುಡುಗಿಗೆ ನುಂಗಲು ಕಷ್ಟವಾಗುತ್ತಿದೆ. ನೀರು ಕುಡಿದರೆ ಮೂಗಿನಲ್ಲಿ ಬರುತ್ತದೆ. ಬರಿಗಾಲಿನ ಲೆಕ್ಕ ಈಗ ಕೇಳುವುದಿಲ್ಲ. ದನಿ ಹೊರಡುವುದು ಕಡಿಮೆಯಾಗಿದೆ.

ನೀನು ಮಾಡಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ. ಹಳೆಯ ಸೀಸೆ ಇನ್ನೂ ಅಲ್ಲೇ ಇರುತ್ತದೆ. ವಿಕಿರಣದ ಕಸ ಎಸೆಯಲು ಏಳು ಅರ್ಜಿ ಬರೆಯಬೇಕು, ನೀನು ಬರೆದಿರುವುದಿಲ್ಲ. ಒಂದು ಹನಿಯನ್ನು ತಟ್ಟೆಯ ಮೇಲೆ ಹಾಕಿ ಓಡಿಸು, ಒಂದೊಂದು ವಸ್ತುವೂ ತನ್ನದೇ ಎತ್ತರದಲ್ಲಿ ಕಲೆಯಾಗಿ ನಿಲ್ಲಲಿ. ಒಂದೇ ಕಲೆ ಬಂದರೆ ನಾನು ದಡ್ಡ, ನನ್ನ ತಲೆಯಲ್ಲಿ ನೊರೆ. ಎರಡು ಬಂದರೆ ಕೆಳಗಿನದು ಏನೆಂದು ತಕ್ಷಣ ಹೇಳು. ನನ್ನಲ್ಲಿ ಆ ಸೀಸೆ ಇದ್ದಿದ್ದರೆ ನಿನ್ನ ಬಾಗಿಲು ತಟ್ಟುತ್ತಿರಲಿಲ್ಲ.

ಪ್ರಯೋಗಾಲಯದ ಸಹಾಯಕ, ನೆಲಮಾಳಿಗೆ, ಮಕ್ಕಳ ಆಸ್ಪತ್ರೆ


ಏಪ್ರಿಲ್ 30

ಅಕ್ಕ,

ಇಪ್ಪತ್ತೈದು ದಿನವಾಯಿತು. ಫೋನ್ ಮಾಡಿದೆ, ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ. ಮೊನ್ನೆಯಿಂದ ಹುಡುಗಿಗೆ ಮೂಗಿನ ಕೊಳವೆಯಲ್ಲಿ ಊಟ. ಮುಳ್ಳು ಒಂದು. ನನ್ನನ್ನು ಎಷ್ಟು ಬೇಕಾದರೂ ಬೈದುಕೋ, ಸೀಸೆ ನೋಡಿ ಬೈ.


ಮೇ 19

ತಮ್ಮ,

ಈ ಪತ್ರ ತಲುಪುವಷ್ಟರಲ್ಲಿ ನಿನಗೆ ವಿಷಯ ಗೊತ್ತಾಗಿರುತ್ತದೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿ ತುಂಡು ಯಾವುದು, ಎಷ್ಟು ಕೊಡಬೇಕು ಎಂದು ಹೇಳಿದೆ. ಎರಡು ಸಲ ಬರೆಸಿದೆ, ಮೂರನೆಯ ಸಲ ಓದಿಸಿದೆ. ಅದು ವಿಷವಲ್ಲ, ದಿನದ ಊಟದಲ್ಲೂ ಅಷ್ಟಿಷ್ಟು ಇರುತ್ತದೆ. ನರಗಳಿಗೆ ಅದು ಬೇಕೆಂದು ಗೊತ್ತಿದ್ದರೂ ಅದು ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಹದಿನೇಳರಿಂದ. ನಾನು ಬಾಗಿಲು ಸರಿಯಾದದ್ದನ್ನೇ ಹಿಡಿದು, ಅದರಿಂದ ಹಾದು ಹೋಗುವವನ ಹೆಸರನ್ನು ತಪ್ಪು ಬರೆದಿದ್ದೆ.

ಎರಡು ಕಲೆ ಬಂತು. ಕೆಳಗಿನದನ್ನು ಕೆರೆದು ತೆಗೆದು ಮೊಟ್ಟೆಗಳಿಗೆ ಕೊಟ್ಟು ನೋಡಬೇಕಿತ್ತು. ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಕಪ್ಪೆ ಎಂದರೆ ಕಂಪ್ಯೂಟರಿನ ಮೇಲಿನ ಚಿತ್ರ, ಆದ್ದರಿಂದ ನಾನೇ ಸೂಜಿ ಹಿಡಿದು ಕೂತೆ. ತೊಂಬತ್ತು ಮೊಟ್ಟೆಗಳಲ್ಲಿ ಅರವತ್ತೊಂದು ಒಡೆದವು. ಮೇಜೆಲ್ಲ ಲೋಳೆ. ವಿದ್ಯಾರ್ಥಿಗಳು ನಗದಿರಲು ಪಟ್ಟ ಕಷ್ಟವನ್ನು ನೀನು ನೋಡಬೇಕಿತ್ತು. ನೀನು ದಿನಕ್ಕೆ ಇನ್ನೂರು ಚುಚ್ಚುತ್ತಿದ್ದೆ, ನಾಲ್ಕೋ ಐದೋ ಒಡೆಯುತ್ತಿದ್ದವು. ಅದು ಸಾಮಾನ್ಯ ಸಂಗತಿ ಎಂದು ನಾನು ತಿಳಿದಿದ್ದೆ. ಉಳಿದ ಇಪ್ಪತ್ತೊಂಬತ್ತರಲ್ಲಿ ಹೊಸ ವಿಟಮಿನ್ ಬರೀ ನೀರು ಚುಚ್ಚಿದ ಮೊಟ್ಟೆಯಲ್ಲಿದ್ದಷ್ಟೇ, ತುಂಡು ಅದರ ನಲವತ್ತು ಪಟ್ಟು.

ಈ ಕೆಲಸಕ್ಕೆ ಹನ್ನೆರಡು ದಿನ ಸಾಕಾಯಿತು. ನಿನ್ನ ಪತ್ರ ಬಂದು ಆರು ವಾರವಾಗಿತ್ತು. ಉಳಿದ ದಿನ ಏನು ಮಾಡುತ್ತಿದ್ದೆ ಎಂದು ನೀನು ಕೇಳುವ ಮುಂಚೆ ಹೇಳುತ್ತೇನೆ. ಫ್ರಿಜ್ಜಿನ ಬೀಗದ ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಬೇರೆಯವರ ಪೇಪರುಗಳನ್ನು ತಿದ್ದಿದೆ, ಒಂದು ಸಭೆಗೆ ಹೋಗಿ ಹದಿನೇಳರ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿ ಚಪ್ಪಾಳೆ ತಿಂದು ಬಂದೆ. ಭಾಷಣ ಮಾಡುವಾಗ ಆ ಮುಳ್ಳು ಒಂದಕ್ಕೆ ಇಳಿದಿತ್ತು. ನಿನ್ನ ಕೊನೆಯ ಚೀಟಿ ನನ್ನ ಕೈಚೀಲದಲ್ಲಿತ್ತು.

ಇನ್ನೊಂದಿದೆ. ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡೋಣ ಎಂದು ಎರಡು ಸಲ ಎದ್ದೆ. ನಿನ್ನನ್ನು ಕಳಿಸಿದ ಮಾರನೆಯ ವಾರ, ಆಗಿನ ನನ್ನ ಹಿರಿಯ ವಿದ್ಯಾರ್ಥಿನಿಯ ಕೈಲಿ ಅದೇ ಪ್ರಯೋಗ ಮಾಡಿಸಿದ್ದೆ. ಹೊಸ ಸೀಸೆಯಲ್ಲಿ ಅವಳಿಗೂ ಸೊನ್ನೆ ಬಂತು. ಹಳೆಯ ಸೀಸೆ ತೆಗೆದುಕೊಟ್ಟೆ, ಎಂಟು ಪಟ್ಟು ಬಂತು. ನೀನು ಓದಿದ ಆ ಪುಸ್ತಕದ ಪುಟವನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಹೊಸ ಸೀಸೆಯೇ ಕೆಟ್ಟಿದೆ ಎಂದು ಅವಳಿಗೆ ಹೇಳಿ, ಟಿಪ್ಪಣಿ ಪುಸ್ತಕದ ಆ ಪುಟವನ್ನು ಮಡಿಸಿಟ್ಟೆ. ಕೈ ಕೆಟ್ಟಿದ್ದು ನಿನ್ನದಲ್ಲ ಎಂದು ನೀನು ಹೋದ ಒಂಬತ್ತನೆಯ ದಿನವೇ ನನಗೆ ಗೊತ್ತಿತ್ತು. ಅಮ್ಮ ಆಗ ಬದುಕಿದ್ದಳು. ಅವಳಿಗೂ ಹೇಳಲಿಲ್ಲ.

ಇಂಥದ್ದನ್ನು ಇನ್ಯಾರಲ್ಲಾದರೂ ಕಂಡಿದ್ದರೆ ನಾನು ಏನೇನು ಬರೆಯುತ್ತಿದ್ದೆ ಎಂದು ನಿನಗೆ ಗೊತ್ತು. ಅದನ್ನೆಲ್ಲ ನನಗೇ ಬರೆದಿದ್ದೇನೆ ಎಂದುಕೋ.

ಪೇಪರ್ ಹಿಂತೆಗೆದುಕೊಳ್ಳುತ್ತೇನೆ ಎಂದು ಅದನ್ನು ಅಚ್ಚು ಹಾಕಿದ ಪತ್ರಿಕೆಗೆ ತಿಳಿಸಿದ್ದೇನೆ. ಪ್ರಕಟಣೆಯ ಪ್ರತಿ ಜೊತೆಗಿದೆ. ಇಲ್ಲಿ ಮೊಟ್ಟೆಯ ಕೆಲಸಕ್ಕೆ ಜನ ಬೇಕು. ಬಾ ಎನ್ನುತ್ತಿಲ್ಲ, ಜಾಗ ಖಾಲಿ ಇದೆ ಎಂದು ತಿಳಿಸುತ್ತಿದ್ದೇನೆ.

ಅಕ್ಕ


ಜುಲೈ 2

ಅಕ್ಕನಿಗೆ,

ಹೊಸ ಔಷಧಿ ಶುರುವಾಗಿ ಆರು ವಾರ. ಹುಡುಗಿ ನುಂಗುತ್ತಾಳೆ, ಕೊಳವೆ ತೆಗೆದಿದ್ದಾರೆ. ಮುಳ್ಳು ಮೂರು. ದನಿ ಬಂದಿದೆ, ಗೊಗ್ಗರು ದನಿ. ಕಾಲು ಬಂದಿಲ್ಲ. ಮೊಣಕಾಲಿನ ಕೆಳಗೆ ನರ ಪೂರ್ತಿ ಹೋಗಿದೆ, ಅದು ಮರಳುವುದು ಕಷ್ಟ ಎಂದು ಡಾಕ್ಟರಮ್ಮ ಅನ್ನುತ್ತಾರೆ. ಜನವರಿಯಲ್ಲಿ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು.

ಖಾಲಿ ಇರುವ ಜಾಗಕ್ಕೆ ನಾನು ಬರುವುದಿಲ್ಲ. ಮೊಟ್ಟೆ ಒಡೆಯುತ್ತವೆ, ಒಡೆಯಲಿ. ನೂರಾರು ಒಡೆದ ಮೇಲೆ ನಿನ್ನ ಕೈಯೂ ಪಳಗುತ್ತದೆ.

ಒಂಬತ್ತನೆಯ ದಿನದ ವಿಷಯ ಓದಿದೆ. ಕೋಪ ಬರುತ್ತದೆ ಎಂದು ಎರಡು ದಿನ ಕಾದೆ. ಬಂದದ್ದು ಹೇಸಿಗೆ. ಅಮ್ಮನಿಗೆ ಒಂದು ಮಾತು ಹೇಳಬಹುದಿತ್ತು. ಅವಳು ಆಸ್ಪತ್ರೆಯ ಹಾಸಿಗೆಯಲ್ಲೂ ನನ್ನ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಏನು ಕೆಟ್ಟಿದೆ ಎಂದು.

ನಿನ್ನ ಪ್ರಕಟಣೆಯನ್ನೂ ಓದಿದೆ. "ದಾಸ್ತಾನಿನ ದೋಷದಿಂದ ಉಂಟಾದ ತಪ್ಪು" ಎಂದಿದೆ. ಎಷ್ಟು ನಾಜೂಕು! ಸೀಸೆಯೇ ಎದ್ದು ಬಂದು ಪೇಪರ್ ಬರೆದು ಸಹಿ ಹಾಕಿತೇ? ತಿಪ್ಪೆ ಸಾರಿಸುವುದರಲ್ಲಿ ನಿನ್ನದು ಎತ್ತಿದ ಕೈ. ಪತ್ರಿಕೆಯವರಿಗೆ ಅಷ್ಟು ಸಾಕು ಎಂದಾದರೆ ಅದು ನಿನಗೂ ಅವರಿಗೂ ಬಿಟ್ಟದ್ದು.

ನನಗೆ ಸಾಲದು. ಮಾರ್ಚಿನಲ್ಲಿ ಬರೆಯುವುದಿಲ್ಲ ಎಂದದ್ದನ್ನು ಈಗ ಬರೆಯುತ್ತೇನೆ. ನಿನ್ನ ಫೆಬ್ರವರಿಯ ಪತ್ರವಾದ ಮೇಲೆ ಆ ಅಮ್ಮ ಮಗಳ ಮೂಗು ಹಿಡಿದು ಕುಡಿಸತೊಡಗಿದರು. ಕುಡಿಸಿ ಬಾಯಿ ತೆಗೆಸಿ, ನಾಲಿಗೆಯ ಕೆಳಗೆ ಬೆರಳು ಹಾಕಿ ನೋಡುತ್ತಿದ್ದರು. ಮುಳ್ಳು ಇಳಿಯುತ್ತಲೇ ಇತ್ತು. ತಾನು ಕೆಲಸಕ್ಕೆ ಹೋದ ಮೇಲೆ ಹೇಗೋ ಕಕ್ಕುತ್ತಾಳೆ, ಕಳ್ಳಾಟ ಆಡುತ್ತಾಳೆ ಎಂದು ಮಗುವಿಗೆ ಹೊಡೆದರು. ಒಂದು ಸಲ ಅಲ್ಲ. ರಕ್ತ ನೋಡಿ, ಉಗುಳುತ್ತಿಲ್ಲ ಎಂದು ನಾನು ಹೇಳಿದ್ದು ಡಾಕ್ಟರಮ್ಮನ ಮಾತಿನ ಮುಂದೆ ನಿಲ್ಲಲಿಲ್ಲ. ಹುಡುಗಿ, "ಉಗುಳಿಲ್ಲಮ್ಮ, ನಿಜ್ವಾಗ್ಲೂ ಉಗುಳಿಲ್ಲಮ್ಮ" ಎಂದು ಅಳುತ್ತಿದ್ದಳಂತೆ. ದನಿ ಹೋದ ಮೇಲೆ ಅದನ್ನೂ ಹೇಳಲಾಗಲಿಲ್ಲ, ತಲೆ ಆಡಿಸುತ್ತಿದ್ದಳಂತೆ.

ಹೋದ ವಾರ ಆಕೆ ಕೆಳಗೆ ನಮ್ಮ ಲ್ಯಾಬಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು. "ಅವಳು ಉಗುಳ್ತಿದ್ಲಾ ಇಲ್ವಾ? ಯಾರೂ ಸರಿಯಾಗಿ ಹೇಳ್ತಿಲ್ಲ. ಅವಳನ್ನ ಕೇಳೋಕೆ ನಂಗೆ ಮುಖ ಇಲ್ಲ." ಉಗುಳುತ್ತಾಳೆ ಎಂದು ಮೊದಲು ಹೇಳಿದ್ದು ಯಾರು ಎಂದೂ ಕೇಳಿದರು. ನಮ್ಮಕ್ಕ ಎಂದೆ.

ಆಕೆಗೆ ನೀನು ಬರಿ. ನನ್ನ ಬಾಯಲ್ಲಿ ಹೇಳಿಸಬೇಡ. ಅದರಲ್ಲಿ ದಾಸ್ತಾನು ಎಂಬ ಪದ ಕಂಡರೆ ಹರಿದು ಕಸಕ್ಕೆ ಹಾಕುತ್ತೇನೆ.

ತಮ್ಮ


ಜುಲೈ 11

ತಮ್ಮ,

ಬರೆದಿದ್ದೇನೆ, ಜೊತೆಗಿದೆ. ನಾಲ್ಕನೆಯದು ಇದು. ಮೊದಲ ಮೂರರಲ್ಲಿ ನಾನೇ ಜಾಸ್ತಿ ಇದ್ದೆ. ನೀನು ಓದು, ಸರಿಯಿಲ್ಲದಿದ್ದರೆ ಎಲ್ಲಿ ಎಂದು ಹೇಳು, ಮತ್ತೆ ಬರೆಯುತ್ತೇನೆ.

ಪತ್ರಿಕೆಗೂ ಇನ್ನೊಮ್ಮೆ ಬರೆದೆ. ಆ ಸಾಲನ್ನು ತೆಗೆಸಿದ್ದೇನೆ.

ಅಕ್ಕ


ಮಗುವಿನ ತಾಯಿಗೆ,

ನಿಮ್ಮ ಮಗಳು ಔಷಧಿ ಉಗುಳುತ್ತಾಳೆ ಎಂದು ಬರೆದವಳು ನಾನು. ನಾನು ಅವಳನ್ನು ನೋಡಿರಲಿಲ್ಲ, ನಿಮ್ಮನ್ನೂ ನೋಡಿರಲಿಲ್ಲ. ನನ್ನ ಲೆಕ್ಕ ತಪ್ಪಿರಬಹುದು ಎಂದುಕೊಳ್ಳುವುದಕ್ಕಿಂತ ನೀವು ಸುಳ್ಳು ಹೇಳುತ್ತೀರಿ ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಆ ಕಹಿ ಔಷಧಿ ಅವಳಿಗೆ ಬೇಕಾದದ್ದಾಗಿರಲಿಲ್ಲ. ಅದನ್ನು ಕೊಡಿ ಎಂದು ಹೇಳಿದ್ದೂ ನಾನೇ. ಅದು ತಪ್ಪಿರಬಹುದು ಎಂದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ನನ್ನ ಹೆಸರು ಹಾಳಾಗುತ್ತದೆ ಎಂದು ಮುಚ್ಚಿಟ್ಟೆ. ನನ್ನ ತಮ್ಮ ಮಾರ್ಚಿನಲ್ಲಿ ಹೇಳಿದಾಗಲೂ ಎರಡು ತಿಂಗಳು ಸುಮ್ಮನಿದ್ದೆ. ಜನವರಿಯಲ್ಲೇ ಸರಿಯಾದ ಔಷಧಿ ಸಿಕ್ಕಿದ್ದರೆ ಅವಳು ಈಗ ನಡೆಯುತ್ತಿದ್ದಳೇ ಎಂದು ನೀವು ಇನ್ನೂ ಕೇಳಿಲ್ಲ. ಕೇಳುತ್ತೀರಿ. ನಡೆಯುತ್ತಿದ್ದಳು ಎಂದೇ ನಾನು ತಿಳಿದಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ. ಅವಳ ರಕ್ತದ ಪರೀಕ್ಷೆಗಳನ್ನೆಲ್ಲ ತರಿಸಿ, ಒಂದೊಂದು ವಾರದ್ದೂ ನೋಡಿದ್ದೇನೆ. ನೀವು ಕೊಟ್ಟದ್ದನ್ನೆಲ್ಲ ಅವಳು ಕುಡಿದಿದ್ದಾಳೆ. ಒಂದು ಸಲವೂ ಉಗುಳಿಲ್ಲ. ಇದನ್ನು ಅವಳಿಗೆ ಓದಿ ಹೇಳಿ.